ಅಮೆರಿಕದ ‘ಸ್ಟೇಟ್ ಗೇಮ್ಸ್’ಗೆ ನನ್ನ ಮಗ ಹೇಗೆ ಆಯ್ಕೆಯಾದ? ಇದು ಸರ್ಕಾರದ ಕ್ರೀಡಾಕೂಟವೇ?

ನಿಮ್ಮ ಮಗ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಕೆಲಸದಲ್ಲಿದ್ದಾನೆ, ಜುಲೈನಲ್ಲಿ ಕಾರ್ನ್‌ಹಸ್ಕರ್ ಸ್ಟೇಟ್ ಗೇಮ್ಸ್‌ನಲ್ಲಿ 800 ಮೀಟರ್ ಓಡುತ್ತಾನಂತೆ, ಶಾಲೆಯಲ್ಲೂ ಓಡದವನು ರಾಜ್ಯ ಮಟ್ಟಕ್ಕೆ ಹೇಗೆ ಹೋದ, ಯಾರಾದರೂ ದುಡ್ಡು ಕೀಳುತ್ತಿದ್ದಾರಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಈ ಕೂಟ 1985ರಿಂದ ನಡೆಯುತ್ತಿದೆ. ಆಯ್ಕೆ ಅನ್ನುವುದೇ ಇಲ್ಲ. ಈ ರಾಜ್ಯದಲ್ಲಿ ವಾಸ ಇದ್ದು, ಶುಲ್ಕ ಕಟ್ಟಿ ಹೆಸರು ಬರೆಸಿದರೆ ಆಯಿತು.

ನಮ್ಮ ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ಮೈಸೂರಿಗೆ ಹೋಗುತ್ತಾರೆ. ಸೋತವರು ಅಲ್ಲಲ್ಲೇ ಉಳಿಯುತ್ತಾರೆ. ಇಲ್ಲಿ ಆ ಜರಡಿ ಇಲ್ಲ. ವಯಸ್ಸಿನ ಪ್ರಕಾರ ಗುಂಪು ಮಾಡುತ್ತಾರೆ, ಆಯಾ ಗುಂಪಿಗೆ ಬೇರೆ ಬೇರೆ ಪದಕ. ನಗದು ಬಹುಮಾನ ಇರುವುದಿಲ್ಲ.

ನಾನೂ ಲಿಂಕನ್‌ನಲ್ಲೇ ಇರುವುದು. ಅಥ್ಲೆಟಿಕ್ಸ್ ದಿನ ಗುಂಡು ಎಸೆತದ ಕಡೆ ಟೇಪ್ ಹಿಡಿಯಲು ಹೋಗುತ್ತೇನೆ. ಗುಂಡು ಬಿದ್ದ ಗುರುತಿಗೆ ಟೇಪಿನ ಸೊನ್ನೆ ಇಟ್ಟು, ವೃತ್ತದ ನಡುವಿನ ತನಕ ಎಳೆದು, ವೃತ್ತದ ಮುಂದಿರುವ ಅಡ್ಡಪಟ್ಟಿಯ ಒಳ ಅಂಚಿನಲ್ಲಿ ಅಳತೆ ಓದಬೇಕು. ಒಮ್ಮೆ ಎಂಬತ್ತು ದಾಟಿದ ಅಜ್ಜ ಒಬ್ಬರು ಬಂದಿದ್ದರು. ಆ ವಯಸ್ಸಿನವರಿಗೆ 3 ಕೆ.ಜಿ. ಗುಂಡು, ಯುವಕರದ್ದು 7.26 ಕೆ.ಜಿ. ಗುಂಡನ್ನು ಟವೆಲಿನಿಂದ ಒರೆಸಿ, ಕುತ್ತಿಗೆಗೆ ಆನಿಸಿ ಎಸೆದರು. ನಾನು ಅಳತೆ ಕೂಗುವ ಮೊದಲೇ ಪಕ್ಕದಲ್ಲಿ ಬಗ್ಗಿ ನಿಂತು, ‘ಹೋದ ವರ್ಷಕ್ಕಿಂತ ಕಮ್ಮಿಯಾ?’ ಅಂದರು. ಇಂಥವರಿಗೂ ಅಂಕಣ, ಅಂಪೈರು, ಸರಿಯಾದ ಅಳತೆ ಸಿಗಬೇಕು ಅಲ್ವಾ? ನನಗೆ ಈ ಕೂಟದ ಮೇಲೆ ಪ್ರೀತಿ ಬಂದಿದ್ದೇ ಅದಕ್ಕೆ.

ಇದನ್ನು ಸರ್ಕಾರ ನಡೆಸುವುದಿಲ್ಲ. ನೆಬ್ರಾಸ್ಕಾ ಸ್ಪೋರ್ಟ್ಸ್ ಕೌನ್ಸಿಲ್ ಅಂತ ಲಾಭಕ್ಕಲ್ಲದ ಸಂಸ್ಥೆ ಇದೆ. ದುಡ್ಡು ಬರುವುದು ಪ್ರವೇಶ ಶುಲ್ಕ, ಪ್ರಾಯೋಜಕರು, ದಾನದಿಂದ. ಸುಮಾರು ಕೆಲಸ ಸ್ವಯಂಸೇವಕರದ್ದು. ಮಿಕ್ಕ ದುಡ್ಡನ್ನು ಹಂಚಿಕೊಳ್ಳಲು ಮಾಲೀಕರು ಅಂತ ಯಾರೂ ಇಲ್ಲ. ಹಾಗಾಗಿ ನಿಮ್ಮ ಮಗ ಕಟ್ಟಿದ ಶುಲ್ಕದ ಬಗ್ಗೆ ಅನುಮಾನ ಬೇಡ.

ಸರ್ಕಾರವನ್ನೇ ನಂಬಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ನೋಡಿ. ಇಂಥ ಕೂಟ ಅಮೆರಿಕದಲ್ಲಿ ಮೊದಲು ಶುರುವಾಗಿದ್ದೇ ಅಲ್ಲಿ, 1978ರಲ್ಲಿ, ಸಿರಾಕ್ಯೂಸ್ ನಗರದಲ್ಲಿ. ಹೆಸರು ಎಂಪೈರ್ ಸ್ಟೇಟ್ ಗೇಮ್ಸ್. ರಾಜ್ಯದ ಉದ್ಯಾನ ಇಲಾಖೆ ನಡೆಸುತ್ತಿತ್ತು. ಬಜೆಟ್ ಬಿಗಿಯಾಗಿ 2009ರ ಬೇಸಿಗೆ ಕೂಟ ರದ್ದಾಯಿತು. 2010ರಲ್ಲಿ ಬಫಲೋ ಕಡೆ ಒಮ್ಮೆ ನಡೆದು, ಆಮೇಲೆ ನಿಂತೇ ಹೋಯಿತು. ಆದರೆ ಲೇಕ್ ಪ್ಲಾಸಿಡ್‌ನ ಚಳಿಗಾಲದ ಕೂಟವನ್ನು 2011ರಲ್ಲಿ ಆ ಊರಿನವರೇ ಕೈಗೆತ್ತಿಕೊಂಡರು. ಅದು ಉಳಿಯಿತು. ಕೆಲಸ ಮಾಡುವ ಜನ ಊರಿನಲ್ಲೇ ಇದ್ದರೆ ಕೂಟ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು ನನ್ನ ನಂಬಿಕೆ.

ಪದಕದಿಂದ ಏನು ಉಪಯೋಗ ಅಂತಲೂ ಕೇಳಿದ್ದೀರಿ. ಊರಿಗೆ ಬಂದಾಗ ಕ್ರೀಡಾ ಕೋಟಾಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ಒಲಿಂಪಿಕ್ಸ್ ದಾರಿಯೂ ಇದಲ್ಲ, ಅದಕ್ಕೆ ಬೇರೆ ಆಯ್ಕೆ ಇದೆ. ಆದರೆ ಪದಕ ಗೆದ್ದವರು ಬೇರೆ ಬೇರೆ ರಾಜ್ಯದವರು ಸೇರುವ ಸ್ಟೇಟ್ ಗೇಮ್ಸ್ ಆಫ್ ಅಮೆರಿಕಾಗೆ ಹೋಗಬಹುದು. ಅದು 1999ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶುರುವಾಯಿತು. 2015ರಲ್ಲಿ ನಮ್ಮ ಲಿಂಕನ್‌ನಲ್ಲೇ ನಡೆದಿತ್ತು.

ಮಗನಿಗೆ ಇಷ್ಟು ಹೇಳಿ. 800 ಮೀಟರ್ ಅಂದ್ರೆ ಟ್ರ್ಯಾಕ್‌ನ ಎರಡು ಸುತ್ತು. ಹೊಸಬರು ಮೊದಲ ಸುತ್ತನ್ನೇ ಜೋರಾಗಿ ಓಡಿ, ಎರಡನೆಯದರಲ್ಲಿ ಕಾಲು ಎತ್ತಲಾಗದೆ ಒದ್ದಾಡುತ್ತಾರೆ. ಈಗಿನಿಂದಲೇ ನಿಧಾನವಾಗಿ ಅಭ್ಯಾಸ ಮಾಡಲಿ. ಜುಲೈ ಬಿಸಿಲು ಇಲ್ಲಿ ಜಾಸ್ತಿ, ನೀರು ಕುಡಿಯುತ್ತಿರಲಿ. ಹೊಸ ಶೂ ತಗೊಂಡಿದ್ದರೆ ಅವತ್ತೇ ಮೊದಲ ಸಲ ಹಾಕುವುದು ಬೇಡ.