ಬ್ಲಡ್ ಗ್ರೂಪ್ ಗೋತ್ರ ಅಲ್ಲ, ಮೇಷ್ಟ್ರೇ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ತಿಪಟೂರಿನವನು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮಗಳಿಗೆ ಒಂದು ಒಳ್ಳೆ ಸಂಬಂಧ ಕೂಡಿಬಂದಿತ್ತು. ಜಾತಕ ಹೊಂದಿತು, ಹುಡುಗ ಹುಡುಗಿ ಒಪ್ಪಿದರು. ಆಮೇಲೆ ಗಂಡಿನ ಕಡೆಯವರು ಬ್ಲಡ್ ಗ್ರೂಪ್ ಕೇಳಿದರು. ಇಬ್ಬರದೂ ಬಿ ಪಾಸಿಟಿವ್. ಒಂದೇ ಗ್ರೂಪ್ ಆದರೆ ಸಗೋತ್ರದ ಹಾಗೆ, ಮಕ್ಕಳಿಗೆ ತೊಂದರೆ ಅಂತ ಹಿಂದೆ ಸರಿದರು. ನನಗೆ ಬೇಜಾರಾಯಿತು. ಆದರೆ ಈಚೆಗೆ ಒಂದು ಲೇಖನ ಓದಿದೆ. ದಕ್ಷಿಣ ಅಮೆರಿಕದ ಮೂಲ ನಿವಾಸಿಗಳು ಹೆಚ್ಚುಕಮ್ಮಿ ಎಲ್ಲರೂ ಓ ಗ್ರೂಪ್, ಯುರೋಪಿನಲ್ಲಿ ಎ ಜಾಸ್ತಿ, ಭಾರತದಲ್ಲಿ ಬಿ ಜಾಸ್ತಿ ಅಂತ ಅದರಲ್ಲಿತ್ತು. ಹಾಗಾದರೆ ಬ್ಲಡ್ ಗ್ರೂಪ್ ನಮ್ಮ ಮೂಲವನ್ನು ಹೇಳುತ್ತದೆ ಅಂತಾಯಿತು. ಅವರ ಮಾತಿನಲ್ಲಿ ಏನಾದರೂ ಹುರುಳಿದೆಯೇ?

ಸಂಪಾದಕರ ಉತ್ತರ:

ಮೇಷ್ಟ್ರೇ, ಹುರುಳಿಲ್ಲ. ಗಂಡ ಹೆಂಡತಿ ಒಂದೇ ಗ್ರೂಪಿನವರಾದರೆ ಆ ಕಾರಣಕ್ಕೆ ಮಕ್ಕಳಿಗೆ ಯಾವ ತೊಂದರೆಯೂ ಬರುವುದಿಲ್ಲ. ನಾನೂ ನನ್ನ ಹೆಂಡತಿಯೂ ಓ ಪಾಸಿಟಿವ್. ಮದುವೆಯಾಗಿ 31 ವರ್ಷವಾಯಿತು. ಇಬ್ಬರು ಮಕ್ಕಳು ಚೆನ್ನಾಗಿದ್ದಾರೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಬ್ಲಡ್ ಗ್ರೂಪ್ ನಮ್ಮ ಮೂಲವನ್ನು ಹೇಳುತ್ತದೆ ಎಂಬ ನಿಮ್ಮ ಎರಡನೆಯ ಮಾತು ನನ್ನನ್ನು ಬಿಡಲಿಲ್ಲ. ಪತ್ರವನ್ನು ಮೂರು ವಾರ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ನೀವು ಓದಿದ್ದು ಸುಳ್ಳಲ್ಲ. ಅದನ್ನು ಮೊದಲು ಒಪ್ಪುತ್ತೇನೆ. ಊರು ದೇಶ ಬದಲಾದ ಹಾಗೆ ಗ್ರೂಪುಗಳ ಲೆಕ್ಕ ಬದಲಾಗುತ್ತದೆ. ಆಸ್ಟ್ರೇಲಿಯಾದ ಮೂಲ ನಿವಾಸಿಗಳಲ್ಲಿ ಬಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಜನರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಆರ್‌ಎಚ್ ನೆಗೆಟಿವ್. ಅಂದರೆ ಗ್ರೂಪಿನ ಹೆಸರಿನ ಜೊತೆ ಪಾಸಿಟಿವ್ ಬದಲು ನೆಗೆಟಿವ್ ಬರುವವರು. ಇಂಥವರು ಯುರೋಪಿನಲ್ಲಿ ಒಟ್ಟಾರೆ ನೂರಕ್ಕೆ 15, ನಮ್ಮಲ್ಲಿ ನೂರಕ್ಕೆ ಸುಮಾರು 5, ಚೀನಾದಲ್ಲಿ ಒಂದಕ್ಕಿಂತ ಕಮ್ಮಿ. ಇದೆಲ್ಲ ನಿಜ.

ಆದರೆ ಇದರಿಂದ ಗೋತ್ರಕ್ಕೆ ಹಾರಿದಿರಲ್ಲ, ಅಲ್ಲಿ ನನ್ನ ತಕರಾರು.

ನಿಮ್ಮ ಪತ್ರದಲ್ಲೇ ಉತ್ತರ ಇದೆ, ನೀವು ಗಮನಿಸಲಿಲ್ಲ. ದಕ್ಷಿಣ ಅಮೆರಿಕದ ಮೂಲ ನಿವಾಸಿಗಳು ಬಹುತೇಕ ಎಲ್ಲರೂ ಓ ಅಂದಿರಿ. ಹಾಗಾದರೆ ಅಲ್ಲಿ ಸಾವಿರಾರು ವರ್ಷದಿಂದ ಓ ಗಂಡು ಓ ಹೆಣ್ಣನ್ನೇ ಮದುವೆಯಾಗುತ್ತಾ ಬಂದಿದೆ. ಬೇರೆ ಗ್ರೂಪಿನ ಹುಡುಗಿಯನ್ನು ಎಲ್ಲಿಂದ ತರಬೇಕು? ಗಂಡಿನ ಕಡೆಯವರ ಮಾತು ನಿಜವಾಗಿದ್ದರೆ ಅಮೆಜಾನ್ ಕಾಡಿನಲ್ಲಿ ಒಂದು ಮಗುವೂ ಉಳಿಯಬಾರದಿತ್ತು.

ಇನ್ನು ಗೋತ್ರದ ಮಾತು. ನಮ್ಮಪ್ಪ ಎ, ಅಮ್ಮ ಬಿ. ಅಕ್ಕ ಎಬಿ, ಅಣ್ಣ ಎ, ತಮ್ಮ ಬಿ, ನಾನು ಓ. ಪ್ರತಿಯೊಬ್ಬರೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಜೀನ್ ಪಡೆಯುತ್ತಾರೆ. ಓ ಜೀನ್ ಎ ಪಕ್ಕದಲ್ಲೋ ಬಿ ಪಕ್ಕದಲ್ಲೋ ಸುಮ್ನೆ ಅಡಗಿರುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ನಾಲ್ಕು ಗ್ರೂಪೂ ಹುಟ್ಟಬಹುದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವು ನಾಲ್ವರು ನಾಲ್ಕು ಗೋತ್ರದವರೇ?

ನೀವು ಗಣಿತ ಕಲಿಸಿದವರು. ಲೆಕ್ಕ ಹಾಕಿ ನೋಡಿ. ನಮ್ಮ ಕಡೆ ನೂರರಲ್ಲಿ ಸುಮಾರು 39 ಜನ ಓ, 30 ಬಿ, 24 ಎ, ಉಳಿದವರು ಎಬಿ ಅಂತ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಜೋಡಿ ಮಾಡಿದರೂ ಹತ್ತು ಜೋಡಿಯಲ್ಲಿ ಮೂರು ಜೋಡಿಗೆ ಒಂದೇ ಗ್ರೂಪ್ ಬರುತ್ತದೆ. ನಿಮ್ಮ ಬೀದಿಯಲ್ಲಿ ಹತ್ತು ಮನೆ ಇದ್ದರೆ ಮೂರು ಮನೆಯಲ್ಲಿ ಹೀಗೆ ಇರಬಹುದು. ಈ ಲೆಕ್ಕವನ್ನು ಒಂಬತ್ತನೇ ಕ್ಲಾಸಿನ ಹುಡುಗರಿಗೆ ಹೇಳಿಕೊಡುತ್ತಿದ್ದವರು ಮಗಳ ಮದುವೆ ಮಾತಿನ ದಿನ ಯಾಕೆ ಹಾಕಲಿಲ್ಲ? ಬೇಜಾರಿನಲ್ಲಿದ್ದಿರಿ, ಗೊತ್ತು. ಆದರೂ ಕೇಳಬೇಕು ಅನ್ನಿಸಿತು.

ಬ್ಲಡ್ ಗ್ರೂಪಿನಿಂದ ಮೂಲ ಹುಡುಕುವ ಆಸೆ ನಿಮ್ಮೊಬ್ಬರದಲ್ಲ. ಅದಕ್ಕೆ ನೂರು ವರ್ಷದ ಕಥೆಯಿದೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗ್ರೂಪುಗಳನ್ನು ವಿವರಿಸಿದರು. ಮೊದಲ ಮಹಾಯುದ್ಧದ ಕೊನೆಗೆ ಗ್ರೀಸಿನ ಸಲೋನಿಕಾದಲ್ಲಿ ಲುಡ್ವಿಕ್ ಮತ್ತು ಹಾನ್ನಾ ಹಿರ್ಷ್‌ಫೆಲ್ಡ್ ಎಂಬ ಪೋಲೆಂಡಿನ ವೈದ್ಯ ದಂಪತಿ ಇದ್ದರು. ಆ ಊರಿನಲ್ಲಿ ಆಗ ಎಲ್ಲ ದೇಶದ ಸೈನಿಕರೂ ತುಂಬಿದ್ದರು. ಇಂಗ್ಲಿಷರು, ಫ್ರೆಂಚರು, ಸರ್ಬಿಯಾದವರು, ಸೆನೆಗಲ್‌ನವರು, ನಮ್ಮ ಭಾರತದವರೂ. ಗಂಡ ಹೆಂಡತಿ ಸೇರಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿದರು. 1919ರಲ್ಲಿ ಲೆಕ್ಕ ಅಚ್ಚಾಯಿತು. ಇಂಗ್ಲಿಷರಲ್ಲಿ ನೂರಕ್ಕೆ 43 ಎ, 7 ಬಿ. ಭಾರತದ ಸೈನಿಕರಲ್ಲಿ 19 ಎ, 41 ಬಿ. ಪಶ್ಚಿಮದಿಂದ ಪೂರ್ವಕ್ಕೆ ಬಂದ ಹಾಗೆ ಎ ಇಳಿಯುತ್ತಾ, ಬಿ ಏರುತ್ತಾ ಹೋಗಿತ್ತು.

ಎಷ್ಟು ಚೆಂದದ ಕೆಲಸ! ಯುದ್ಧಭೂಮಿಯಲ್ಲಿ ಕೂತು ಮಾಡಿದ್ದು. ಆದರೆ ಅವರೂ ಒಂದು ಕಡೆ ಎಡವಿದರು. ಎ ಒಂದು ಮೂಲದಿಂದ ಬಂದದ್ದು, ಬಿ ಇನ್ನೊಂದು ಮೂಲದ್ದು, ಬಿ ಹುಟ್ಟಿದ್ದು ಬಹುಶಃ ಭಾರತದಲ್ಲಿ ಎಂದು ಊಹಿಸಿದರು. ಆ ಊಹೆಯನ್ನು ಜರ್ಮನಿಯ ಜನಾಂಗವಾದಿಗಳು ಎತ್ತಿಕೊಂಡರು. 1926ರಲ್ಲಿ ಬ್ಲಡ್ ಗ್ರೂಪ್ ಸಂಶೋಧನೆಗೆಂದೇ ಒಂದು ಸಂಘ ಕಟ್ಟಿದರು. ಎ ಅಂದರೆ ಮೇಲಿನವರು, ಬಿ ಅಂದರೆ ಪೂರ್ವದಿಂದ ಬಂದ ಕೀಳು ರಕ್ತ ಎಂಬ ಮಾತು ಶುರುವಾಯಿತು. ಹುಟ್ಟಿನಿಂದ ಯಹೂದಿಯಾಗಿದ್ದ ಲುಡ್ವಿಕ್‌ರನ್ನು ಮುಂದೆ ನಾಜಿಗಳು ವಾರ್ಸಾದ ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗೆ, ತಳ್ಳಿದರು. ಅಲ್ಲಿಯೂ ಅವರು ಗುಟ್ಟಾಗಿ ಹುಡುಗರಿಗೆ ವೈದ್ಯಕೀಯ ಪಾಠ ಹೇಳಿದರು. ತಪ್ಪಿಸಿಕೊಂಡು ಬದುಕಿ ಉಳಿದರು. ಅವರ ಮಗಳು ಉಳಿಯಲಿಲ್ಲ.

ಆ ಕಾಲದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ್ದರೆ ನಿಮ್ಮ ಮಗಳ ಬಿ ಪಾಸಿಟಿವ್ ಅವಳ ಹಣೆಬರಹಕ್ಕೆ ಇನ್ನೊಂದು ಗೆರೆ ಸೇರಿಸುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಮೂಲದ ಊಹೆ ತಪ್ಪು ಅಂತ ಇವತ್ತು ಚೆನ್ನಾಗಿ ಗೊತ್ತಿದೆ. ಎ ಮತ್ತು ಬಿ ವಾನರಜಾತಿಯ ಗಿಬ್ಬನ್‌ಗಳಲ್ಲೂ ಇವೆ. ಗೊರಿಲ್ಲಾಗಳಲ್ಲಿ ಬಿ ಇದೆ. ಚಿಂಪಾಂಜಿಗಳಲ್ಲಿ ಎ ಮತ್ತು ಓ ಇವೆ. ಈ ಭೇದ ಕಡಿಮೆಯೆಂದರೂ ಎರಡು ಕೋಟಿ ವರ್ಷ ಹಳೆಯದು ಎಂದು 2012ರ ಒಂದು ಅಧ್ಯಯನ ತೋರಿಸಿತು. ಅಂದರೆ ಭಾರತ, ಯುರೋಪ್ ಇರಲಿ, ಮನುಷ್ಯನೇ ಇರಲಿಲ್ಲ. ಆಗಲೇ ಎ ಇತ್ತು, ಬಿ ಇತ್ತು.

ಉತ್ತರ ಅಮೆರಿಕದಲ್ಲಿ ಬ್ಲ್ಯಾಕ್‌ಫೂಟ್ ಎಂಬ ಜನರಿದ್ದಾರೆ. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಎ. ನಾರ್ವೆಯಲ್ಲೂ ಎ ಜಾಸ್ತಿ. ಹಾಗಂತ ಇಬ್ಬರೂ ದಾಯಾದಿಗಳಾ? ಅಲ್ಲ. ಸಣ್ಣ ಸಣ್ಣ ತಂಡಗಳು ಏಷ್ಯಾದಿಂದ ಅಮೆರಿಕಕ್ಕೆ ದಾಟಿದವು. ಒಂದು ತಂಡದಲ್ಲಿ ಯಾವ ಗ್ರೂಪ್ ಜಾಸ್ತಿ ಇತ್ತೋ ಅದೇ ಮುಂದೆ ಹರಡಿತು. ಎಷ್ಟೋ ಸಲ ಅದು ಬರೀ ಅದೃಷ್ಟದ ಆಟ. ಕೆಲವು ಕಡೆ ರೋಗ ಜರಡಿ ಹಿಡಿದಿದೆ. ಓ ಗ್ರೂಪಿನವರಿಗೆ ಮಲೇರಿಯಾ ಬಂದರೂ ತೀರಾ ಉಲ್ಬಣವಾಗುವುದು ಕಡಿಮೆ. ಅದೇ ಓ ಗ್ರೂಪಿನವರಿಗೆ ಕಾಲರಾ ಬಂದರೆ ಜೋರಾಗಿ ಹಿಡಿಯುತ್ತದೆ. ಪಶ್ಚಿಮ ಆಫ್ರಿಕಾದ ಬಹುತೇಕ ಎಲ್ಲರ ಕೆಂಪು ಕಣಗಳಲ್ಲಿ ಡಫಿ ಎಂಬ ಒಂದು ಗುರುತು ಇರುವುದಿಲ್ಲ. ವೈವ್ಯಾಕ್ಸ್ ಮಲೇರಿಯಾದ ರೋಗಾಣುವಿಗೆ ಆ ಗುರುತೇ ಬಾಗಿಲು. ನಮ್ಮ ಮಂಗಳೂರನ್ನು ಕಾಡಿದ್ದು ಹೆಚ್ಚಾಗಿ ಇದೇ ವೈವ್ಯಾಕ್ಸ್. ನಮಗೆ ಆ ಬಾಗಿಲು ತೆರೆದೇ ಇದೆ. ಹೀಗೆ ಜನರ ನಡುವಿನ ವ್ಯತ್ಯಾಸ ಅವರ ನೀರಿನ ಕಥೆ, ಸೊಳ್ಳೆಯ ಕಥೆ, ವಲಸೆಯ ಕಥೆ ಹೇಳುತ್ತದೆ. ಯಾರು ಮೇಲು ಯಾರು ಕೀಳು ಅಂತ ಹೇಳುವುದಿಲ್ಲ.

1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿ ಬ್ಲಡ್ ಗ್ರೂಪುಗಳನ್ನೂ ಕೆಲವು ಪ್ರೋಟೀನುಗಳನ್ನೂ ಹಿಡಿದು ಲೆಕ್ಕ ಹಾಕಿದರು. ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ನೂರಕ್ಕೆ 85 ಭಾಗ ಒಂದೇ ಜನರ ಒಳಗೇ ಇದೆ. ನಿಮ್ಮ ತಿಪಟೂರಿನ ಸಂತೆಯಲ್ಲಿ ಇಬ್ಬರನ್ನು ನಿಲ್ಲಿಸಿದರೆ ಜಗತ್ತಿನ ಬಹುಪಾಲು ವ್ಯತ್ಯಾಸ ಅವರಿಬ್ಬರ ನಡುವೆಯೇ ಸಿಗಬಹುದು ಅಂತ ಇದರ ಅರ್ಥ.

ರಕ್ತ ಪರೀಕ್ಷೆ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ನಾನು ಒಂದು ರಕ್ತದಾನ ಶಿಬಿರದಲ್ಲಿ ಟೆಕ್ನಿಷಿಯನ್ ಹುಡುಗಿಯ ಪಕ್ಕ ಅರ್ಧ ದಿನ ನಿಂತಿದ್ದೆ. ಬಿಳಿ ಟೈಲ್ ಮೇಲೆ ರಕ್ತದ ಮೂರು ಹನಿ. ಒಂದಕ್ಕೆ ನೀಲಿ ದ್ರವ, ಅದು ಆಂಟಿ-ಎ. ಒಂದಕ್ಕೆ ಹಳದಿ, ಆಂಟಿ-ಬಿ. ಮೂರನೆಯದಕ್ಕೆ ಬಣ್ಣವಿಲ್ಲದ ಆಂಟಿ-ಡಿ. ಕಡ್ಡಿಯಿಂದ ಕಲಸಿ ಟೈಲನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸುತ್ತಿದ್ದಳು. ಕೆಲವು ಹನಿ ಹಾಗೇ ನಯವಾಗಿ ಉಳಿಯುತ್ತಿತ್ತು. ಕೆಲವು ಒಡೆದ ಹಾಲಿನ ಹಾಗೆ ಗರಣೆ ಗರಣೆಯಾಗುತ್ತಿತ್ತು. ಗರಣೆಯಾದರೆ ಆ ಗುರುತು ರಕ್ತದಲ್ಲಿ ಇದೆ ಅಂತ ಅರ್ಥ. ಆ ದಿನ ಸಾಲಿನಲ್ಲಿ ಗಾರೆ ಕೆಲಸದವರಿದ್ದರು, ಬ್ಯಾಂಕಿನವರಿದ್ದರು, ಪೂಜೆ ಮುಗಿಸಿ ಬಂದ ಅರ್ಚಕರೊಬ್ಬರಿದ್ದರು, ಮಸೀದಿ ಪಕ್ಕದ ಗ್ಯಾರೇಜಿನ ಹುಡುಗರಿದ್ದರು. ಟೈಲ್ ನೋಡಿ ಯಾವುದು ಯಾರ ಹನಿ ಅಂತ ಹೇಳುವುದಕ್ಕೆ ಆ ಹುಡುಗಿಗೂ ಸಾಧ್ಯವಿರಲಿಲ್ಲ. ಅದಕ್ಕೇ ಪಕ್ಕದಲ್ಲಿ ನಂಬರು ಬರೆದುಕೊಳ್ಳುತ್ತಿದ್ದಳು.

ಪಾಸಿಟಿವೋ ನೆಗೆಟಿವೋ ಅಂತ ಹೇಳುವ ಆ ಮೂರನೆಯ ಹನಿ ಮಾತ್ರ ಮದುವೆಯ ಮನೆಗೆ ಸಂಬಂಧಪಟ್ಟದ್ದು. ಹೆಂಡತಿ ಆರ್‌ಎಚ್ ನೆಗೆಟಿವ್, ಗಂಡ ಪಾಸಿಟಿವ್ ಆದರೆ, ಎರಡನೆಯ ಮಗುವಿಗೆ ತೊಂದರೆಯಾಗಬಹುದು. ಅದೂ ಮದುವೆ ಮುರಿಯುವ ಸಂಗತಿಯಲ್ಲ. ಬಸಿರಿನಲ್ಲಿ ಮತ್ತು ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟರೆ ಆಯಿತು. ಡಾಕ್ಟರಿಗೆ ಮೊದಲೇ ತಿಳಿಸಿರಬೇಕು, ಅಷ್ಟೇ. ನಿಮ್ಮ ಮಗಳು ಪಾಸಿಟಿವ್. ಅವಳಿಗೆ ಆ ಚಿಂತೆಯೂ ಇಲ್ಲ.

ಈಗ ನನ್ನ ನಿಜವಾದ ಸಂಕಟ ಹೇಳುತ್ತೇನೆ. ಒಂದೇ ಗ್ರೂಪ್ ಅಂತ ಸಂಬಂಧ ಬಿಡುವ ನಾವೇ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುತ್ತೇವೆ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಹೀಗೆ ನೆಂಟರೊಳಗೇ ಆಗುತ್ತದೆ. ನಮ್ಮ ದೊಡ್ಡಪ್ಪನ ಮನೆಯಲ್ಲೂ ಆಯಿತು. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ ಅಂತ ಹಿರಿಯರು ಖುಷಿಪಟ್ಟರು. ಮೊದಲ ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಎರಡನೆಯದಕ್ಕೂ ಅಷ್ಟೇ. ಆ ಅತ್ತಿಗೆ ಮಕ್ಕಳ ಹಿಂದೆ ನಿಂತು ತಟ್ಟೆ ಬಡಿದು ಬಡಿದು ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲ ಸೋದರ ಸಂಬಂಧದಲ್ಲೂ ಹೀಗಾಗುತ್ತೆ ಅಂತಲ್ಲ. ಆದರೆ ಅಪಾಯ ಹೆಚ್ಚು ಎಂಬುದು ಖಚಿತ. ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಜೋಡಿಯಾಗುತ್ತದೆ. ಆ ಮದುವೆಗೆ ಮುಂಚೆ ಯಾರೂ ರಕ್ತದ ಮಾತೆತ್ತಲಿಲ್ಲ.

ಬಾಂಬೆ ಬ್ಲಡ್ ಗ್ರೂಪ್ ಕೇಳಿದ್ದೀರಿ ಅಲ್ವಾ? 1952ರಲ್ಲಿ ಮುಂಬಯಿಯಲ್ಲಿ ಡಾ. ಭೇಂಡೆ ಮತ್ತು ಜೊತೆಗಾರರು ಗುರುತಿಸಿದ್ದು. ಎ, ಬಿ ಗುರುತುಗಳು ಕೂರಲು ಎಚ್ ಎಂಬ ತಳಪಾಯ ಬೇಕು. ಇವರಲ್ಲಿ ಆ ತಳಪಾಯವೇ ಇಲ್ಲ. ಮಾಮೂಲಿ ಟೆಸ್ಟಿನಲ್ಲಿ ಓ ಅಂತಲೇ ಕಾಣುತ್ತದೆ. ಆದರೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು, ನಮ್ಮಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಇದೂ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಾದದ್ದು. ನೆಂಟರೊಳಗಿನ ಮದುವೆಯಲ್ಲಿ ಇದರ ಸಾಧ್ಯತೆ ಏರುತ್ತದೆ. 2016ರಲ್ಲಿ ಮ್ಯಾನ್ಮಾರಿನ ಯಾಂಗೊನ್‌ನಲ್ಲಿ ಈ ಗ್ರೂಪಿನ ಹೆಣ್ಣುಮಗಳೊಬ್ಬಳಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಅಲ್ಲಿ ರಕ್ತ ಸಿಗಲಿಲ್ಲ. ನಮ್ಮ ಕರ್ನಾಟಕದಿಂದ ಎರಡು ಯೂನಿಟ್ ಹೋಯಿತು. ಕೊಟ್ಟವರಿಗೂ ಅವಳಿಗೂ ಭಾಷೆ ಬೇರೆ, ದೇವರು ಬೇರೆ, ದೇಶ ಬೇರೆ.

ಇದರ ಜೊತೆಗೆ ನಮ್ಮ ಕೋಲಾರದ ಹೆಣ್ಣುಮಗಳ ಕಥೆ ಇಟ್ಟು ನೋಡಿ. 38 ವರ್ಷ, ಹೃದಯದ ಆಪರೇಷನ್‌ಗೆ ಬಂದಿದ್ದರು. ಕಾರ್ಡಿನಲ್ಲಿ ಓ ಪಾಸಿಟಿವ್ ಅಂತಿತ್ತು. ಆದರೆ ಯಾವ ಓ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಮನೆಯವರು, ನೆಂಟರು ಸೇರಿ 20 ಜನರ ರಕ್ತ ನೋಡಿದರು. ಒಬ್ಬರದೂ ಆಗಲಿಲ್ಲ. ಕೊನೆಗೆ ಡಾಕ್ಟರುಗಳು ರಕ್ತ ಕೊಡದೆಯೇ ಜಾಗ್ರತೆಯಿಂದ ಆಪರೇಷನ್ ಮುಗಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನ ಲ್ಯಾಬ್ ತಿಂಗಳುಗಟ್ಟಲೆ ಹುಡುಕಿ, ಇದು ಜಗತ್ತಿನಲ್ಲಿ ಯಾರೂ ಕಾಣದ ಹೊಸ ಗುರುತು ಅಂತ ಹೇಳಿತು. 2025ರ ಜೂನ್‌ನಲ್ಲಿ ಅದನ್ನು ಪ್ರಕಟಿಸಿ ಕ್ರಿಬ್ ಅಂತ ಹೆಸರಿಟ್ಟರು. ಅದು ಕ್ರೋಮರ್ ಎಂಬ ಬ್ಲಡ್ ಗ್ರೂಪ್ ಬಳಗಕ್ಕೆ ಸೇರಿದ್ದು. ಕ್ರೋಮರ್, ಇಂಡಿಯಾ, ಬೆಂಗಳೂರು, ಈ ಮೂರು ಸೇರಿ ಆದ ಹೆಸರು. ಒಡಹುಟ್ಟಿದವರ, ನೆಂಟರಿಷ್ಟರ ರಕ್ತ ಆಕೆಗೆ ಆಗಲಿಲ್ಲ. ಯಾಂಗೊನ್‌ನ ಹೆಣ್ಣುಮಗಳಿಗೆ ಎಲ್ಲಿಯದೋ ರಕ್ತ ಆಯಿತು.

ಇಷ್ಟೆಲ್ಲ ನಮ್ಮ ಮನೆ ಬಾಗಿಲಲ್ಲೇ ನಡೆದಿದೆ. ಆದರೂ ನಮ್ಮ ಮೊಬೈಲಿಗೆ ಬರುವುದೇನು? ಓ ಗ್ರೂಪಿನವರು ಮಾಂಸ ತಿನ್ನಬೇಕು, ಎ ಗ್ರೂಪಿನವರು ಸೊಪ್ಪು ತಿನ್ನಬೇಕು. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ, ಗ್ರೂಪಿಗೂ ಆ ಆಹಾರದ ಫಲಕ್ಕೂ ಸಂಬಂಧವಿಲ್ಲ ಅಂದರು. ಜಪಾನಿನಲ್ಲಿ ಗ್ರೂಪ್ ನೋಡಿ ಸ್ವಭಾವ ಹೇಳುವ ಹುಚ್ಚು 1927ರಿಂದ ಇದೆ. 2011ರಲ್ಲಿ ಅಲ್ಲಿನ ಮಂತ್ರಿಯೊಬ್ಬರು ಒರಟಾಗಿ ಮಾತಾಡಿ, ನಾನು ಬಿ ಗ್ರೂಪಿನವನು ಅಂತ ಕಾರಣ ಕೊಟ್ಟು, ಕೊನೆಗೆ ರಾಜೀನಾಮೆ ಕೊಟ್ಟರು. ಒಳ್ಳೆ ಜ್ಞಾನ ಕೈಯಲ್ಲಿದ್ದರೂ ನಾವು ಅದನ್ನು ಜ್ಯೋತಿಷ್ಯ ಮಾಡಿಕೊಳ್ಳುತ್ತೇವೆ. ವಿಜ್ಞಾನವನ್ನು ಕನ್ನಡದಲ್ಲಿ ತಿಳಿಯುವ ಹಾಗೆ ಬರೆಯದ ನಮ್ಮಂಥ ಪತ್ರಿಕೆಯವರ ಪಾಲೂ ಇದರಲ್ಲಿದೆ.

ಮೇಷ್ಟ್ರೇ, ಗಂಡಿನ ಕಡೆಯವರ ಮೇಲೆ ಸಿಟ್ಟು ಬೇಡ. ಅವರಿಗೆ ಯಾರೋ ಹೇಳಿದ್ದನ್ನು ಅವರು ನಂಬಿದ್ದಾರೆ. ಈ ಪುಟ ತೆಗೆದುಕೊಂಡು ಹೋಗಿ ಒಂದು ಸಂಜೆ ಅವರ ಜೊತೆ ಕೂತು ಮಾತಾಡಿ. ರಕ್ತ ಪರೀಕ್ಷೆ ಮಾಡಿಸಲೇಬೇಕು ಅಂದರೆ ಇಬ್ಬರಿಗೂ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಜೀನ್ ಅಡಗಿದೆಯೇ ಅಂತ ನೋಡುವ ಕ್ಯಾರಿಯರ್ ಟೆಸ್ಟ್ ಮಾಡಿಸಿ, ಅದು ಉಪಯೋಗಕ್ಕೆ ಬರುತ್ತದೆ. ಮಾತುಕತೆ ಕುದುರಿದರೆ ನನಗೊಂದು ಕಾಗದ ಹಾಕಿ. ಬಿಡುವು ಮಾಡಿಕೊಂಡು ಖಂಡಿತ ಮದುವೆಗೆ ಬರುತ್ತೇನೆ.