ಮಲ್ಲಿಗೆಯ ಬಿಳಿ ಉಳಿಸಿಕೊಳ್ಳಿ

ಪ್ರಶ್ನೆ: ಸರ್, ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ಸಂಜೆ ಹೊತ್ತು ಮೊಬೈಲ್‌ನಲ್ಲಿ ತೆಗೆದಿದ್ದೇನೆ. ನಮ್ಮನೆ ಆಲ್ಬಮ್‌ನಲ್ಲಿರುವ ತೊಂಬತ್ತರ ದಶಕದ ಫೋಟೊಗಳ ಹಾಗೆ ಕಾಣಬೇಕು ಅಂತ ಆಸೆ. ಫಿಲ್ಟರ್ ಹಾಕಿದರೆ ಎಲ್ಲಾ ಹಳದಿ ಆಗುತ್ತದೆ, ಗ್ರೇನ್ (ಫಿಲ್ಮಿನ ಸಣ್ಣ ಚುಕ್ಕೆಗಳು) ಹಾಕಿದರೆ ಗಲೀಜಾಗಿ ಕಾಣುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಮೊದಲು ಆ ಹಳದಿಯನ್ನು ಬಿಟ್ಟುಬಿಡಿ. ಅದು ಫಿಲ್ಮಿನ ಬಣ್ಣ ಅಲ್ಲ, ಪ್ರಿಂಟ್ ಹಳೆಯದಾಗಿ ಮಾಸಿದ ಬಣ್ಣ. ನಾನು ಜಯನಗರದ ಕಲರ್ ಲ್ಯಾಬಿನಲ್ಲಿ ಪ್ರಿಂಟ್ ಹಾಕುತ್ತಿದ್ದ ಕಾಲದಲ್ಲಿ, ಮೆಷಿನ್ನಿಂದ ಆಗಷ್ಟೇ ಬಂದ ಮದುವೆ ಫೋಟೊಗಳಲ್ಲಿ ಮಲ್ಲಿಗೆ ಬೆಳ್ಳಗೇ ಇರುತ್ತಿತ್ತು.

ಫಿಲ್ಮಿನ ಗುಟ್ಟು ಇರುವುದು ಆ ಬಿಳಿಯಲ್ಲೇ. ಕಲರ್ ನೆಗೆಟಿವ್ ಮೇಲೆ ಬೆಳಕು ಜಾಸ್ತಿ ಬಿದ್ದರೂ ತಡೆದುಕೊಳ್ಳುತ್ತದೆ, ವಿವರ ಮೆಲ್ಲಗೆ ಕರಗುತ್ತದೆ. ಡಿಜಿಟಲ್ ಸೆನ್ಸರ್ ಹಾಗಲ್ಲ. ಮಿತಿ ದಾಟಿತು ಅಂದರೆ ಮುಗಿಯಿತು, ಮಲ್ಲಿಗೆ ಮಾಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಹೋದ ವಿವರವನ್ನು ಆಮೇಲೆ ಯಾವ ಆ್ಯಪ್ ಕೂಡ ವಾಪಸ್ ತರುವುದಿಲ್ಲ. ಅದಕ್ಕೇ ಮುಂದಿನ ಸಲ, ಸೆನ್ಸರ್ ಕಂಡದ್ದನ್ನು ಮೊಬೈಲ್ ತಿದ್ದದೆ ಹಾಗೇ ಉಳಿಸುವ ರಾ ಫಾರ್ಮ್ಯಾಟ್‌ನಲ್ಲಿ ತೆಗೆಯಿರಿ. ಸ್ಕ್ರೀನಿನಲ್ಲಿ ಹೂವಿನ ಮೇಲೆ ಬೆರಳಿಟ್ಟು, ಮೊಗ್ಗುಗಳು ಬಿಡಿಬಿಡಿಯಾಗಿ ಕಾಣುವವರೆಗೆ ಬೆಳಕಿನ ಮಟ್ಟ, ಅಂದರೆ ಎಕ್ಸ್‌ಪೋಷರ್ ಇಳಿಸಿ. ನೆರಳು ಕಪ್ಪಾದರೆ ಆಗಲಿ, ಅದನ್ನು ಎಡಿಟ್ ಮಾಡುವಾಗ ಎತ್ತಬಹುದು.

ಎಡಿಟ್ ಮಾಡುವಾಗ ಟೋನ್ ಕರ್ವ್ (ಬೆಳಕು-ನೆರಳು ತಿದ್ದುವ ಗೆರೆ) ತೆರೆಯಿರಿ. ಬಲತುದಿಯನ್ನು ಒಂಚೂರು ಕೆಳಗೆ, ಎಡತುದಿಯನ್ನು ಒಂಚೂರು ಮೇಲೆ ಸರಿಸಿ. ಕ್ಲ್ಯಾರಿಟಿ, ಶಾರ್ಪ್‌ನೆಸ್ ಎರಡನ್ನೂ ಇಳಿಸಿ. ಮೊಬೈಲ್ ತಾನಾಗೇ ಅಂಚುಗಳನ್ನು ಕೆತ್ತಿಬಿಡುತ್ತದೆ, ನಿಮ್ಮ ಆಲ್ಬಮ್‌ನಲ್ಲಿ ಅಂಥ ಅಂಚು ಎಲ್ಲೂ ಸಿಗಲ್ಲ. ಕನಕಾಂಬರ ಕಣ್ಣಿಗೆ ಹೊಡೆಯುತ್ತಿದ್ದರೆ ಕಿತ್ತಳೆ ಬಣ್ಣದ ಸ್ಯಾಚುರೇಶನ್ ಒಂದನ್ನೇ ತಗ್ಗಿಸಿ, ಇಡೀ ಫೋಟೊದ್ದಲ್ಲ.

ವೈಟ್ ಬ್ಯಾಲೆನ್ಸ್ (ಯಾವ ಬೆಳಕು ಬಿಳಿಯಾಗಿ ಕಾಣಬೇಕು ಅನ್ನುವ ಸೆಟ್ಟಿಂಗ್) 5500 ಕೆಲ್ವಿನ್ ಹತ್ತಿರ ಇಡಿ. ಹಗಲು ಬೆಳಕಿಗೆಂದು ಮಾಡಿದ ಆಗಿನ ಡೇಲೈಟ್ ಫಿಲ್ಮಿನ ಲೆಕ್ಕ ಅದೇ. ಅದರಲ್ಲಿ ಹಳೇ ಬಲ್ಬಿನ ಬೆಳಕು ಕೇಸರಿಯಾಗಿ, ಟ್ಯೂಬ್‌ಲೈಟ್ ಹಸಿರಾಗಿ ಬರುತ್ತಿತ್ತು. ಈಗ ಅಂಗಡಿಗಳಲ್ಲೆಲ್ಲ ಬಿಳಿ ಎಲ್‌ಇಡಿ. ಅದರ ಮೇಲೆ ಹಳದಿ ಬಳಿದರೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಗ್ರೇನ್ ಕೊನೆಗೆ. ಫಿಲ್ಮಿನ ಗ್ರೇನ್ ಎದ್ದು ಕಾಣುವುದು ನಡುವಿನ ಛಾಯೆಗಳಲ್ಲಿ, ಅಂದರೆ ಮುಖ, ಗೋಡೆ, ಮೋಡದ ಆಕಾಶ. ಕಡುಗಪ್ಪಿನಲ್ಲಿ ಕಾಣುವುದು ಸಾಮಾನ್ಯವಾಗಿ ಸೆನ್ಸರಿನ ನಾಯ್ಸ್, ಅಂದರೆ ಬೆಳಕು ಸಾಲದೆ ಮೂಡುವ ಚುಕ್ಕೆಗಳು. ನಿಮಗೆ ಗಲೀಜು ಅನ್ನಿಸಿದ್ದು ಬಹುಶಃ ಅದೇ. ಮೊದಲು ನಾಯ್ಸ್ ತೆಗೆದು ಆಮೇಲೆ ಗ್ರೇನ್ ಹಾಕಿ, ಸೈಜ್ ಚಿಕ್ಕದಿರಲಿ.

ದೀಪದ ಸುತ್ತ ಕೆಂಪು ಬಳೆ ಹಾಕುವ ಫಿಲ್ಟರ್ ಈಗ ತುಂಬಾ ಓಡುತ್ತಿದೆ. ಬೆಳಕು ಫಿಲ್ಮಿನ ಹಿಂಬದಿಗೆ ತಾಗಿ ತಿರುಗಿ ಬಂದು, ತಳದಲ್ಲಿರುವ ಕೆಂಪಿನ ಪದರಕ್ಕೆ ಬೀಳುವುದರಿಂದ ಆ ಬಳೆ ಮೂಡುತ್ತದೆ. ಆದರೆ ಮನೆಮಂದಿ ಹಾಕುತ್ತಿದ್ದ ರೋಲ್‌ಗಳಲ್ಲಿ ಅದನ್ನು ತಡೆಯುವ ಪದರ ಇರುತ್ತಿತ್ತು. ನಿಮಗೆ ಅದು ಬೇಡ.

ಇಷ್ಟನ್ನೂ ಪ್ರಿಸೆಟ್ (ಒಂದೇ ಒತ್ತಿಗೆ ಹಾಕಬಹುದಾದ ಸೆಟ್ಟಿಂಗ್) ಮಾಡಿಟ್ಟುಕೊಳ್ಳಿ, ಆದರೆ ಎಲ್ಲದಕ್ಕೂ ಸುಮ್ನೆ ಒತ್ತಬೇಡಿ. ಲ್ಯಾಬಿನಲ್ಲಿ ನಾವು ಒಂದೊಂದು ಫ್ರೇಮಿಗೂ ಬೆಳಕು, ಬಣ್ಣ ನೋಡಿ ತಿದ್ದುತ್ತಿದ್ದೆವು. ನೀವೂ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನಾದರೂ ಪ್ರತಿ ಫೋಟೊಗೆ ಬೇರೆಬೇರೆಯಾಗಿ ಸರಿಮಾಡಿ.