ಸಹಿ ಹಾಕಿಸಿಕೊಂಡರ ಹೊಣೆ ತಪ್ಪತದೇನ್ರಿ?

ಸರ್, ಬೆಳಗಾವಿಯ ಟಿಳಕವಾಡಿಯೊಳಗ ಏರ್ ರೈಫಲ್ ಕ್ಲಾಸ್ ತೆಗೀತೀವಿ, "ಏನಾದರೂ ಆದರ ನಾವು ಹೊಣೆ ಅಲ್ಲ" ಅಂತ ಬಾಂಡ್ ಪೇಪರ್ ಮ್ಯಾಲ ಬರೆಸಿಕೊಂಡರ ಸಾಕೇನು ಅಂತ ಕೇಳೀರಿ. ಸಾಕಾಗಂಗಿಲ್ರಿ. 18 ತುಂಬದ ಹುಡುಗರ ಸಹಿಗೆ 1872ರ ಕರಾರು ಕಾಯ್ದೆಯ ಕಲಂ 11ರ ಪ್ರಕಾರ ಕಿಮ್ಮತ್ತೇ ಇಲ್ಲ. ಪಾಲಕರ ಸಹಿ ಬೇಕು. ಆದರೂ ನಿಮ್ಮ ನಿರ್ಲಕ್ಷ್ಯದಿಂದ ಹುಡುಗನ ಕಣ್ಣು ಹೋದರ ಆ ಕಾಗದ ಕೋರ್ಟಿನ್ಯಾಗ ನಿಲ್ಲೋದು ಕಷ್ಟ. ಅದಕ್ಕ ಅಪಾಯ ಬಿಡಿಸಿ ಬರೀರಿ: ಪೆಲೆಟ್ (ಸೀಸದ ಸಣ್ಣ ಗುಂಡು) ಪುಟಿದು ವಾಪಸ್ ಸಿಡಿಯೋದು, ಸೀಸ ಮುಟ್ಟಿದ ಕೈಲೆ ತಿನ್ನೋದು, ಕಣ್ಣು ಕಾಯೋ ಕನ್ನಡಕ ಇಲ್ಲದ ನಿಲ್ಲೋದು. ಕನ್ನಡವೋ ಮರಾಠಿಯೋ, ಪಾಲಕರು ಓದೋ ಭಾಷೆಯೊಳಗ ಇರಲಿ. ಜಿಮ್‌ನವರ ಫಾರ್ಮ್ ಝೆರಾಕ್ಸ್ ಹೊಡಸಬ್ಯಾಡ್ರಿ, ದಯವಿಟ್ಟು! ಪಬ್ಲಿಕ್ ಲಯಬಿಲಿಟಿ ವಿಮೆ (ನಿಮ್ಮಿಂದ ಬ್ಯಾರೆಯವರಿಗೆ ಪೆಟ್ಟಾದರ ಪರಿಹಾರ ತುಂಬೋ ವಿಮೆ) ಮೊದಲ ಮಾಡಸ್ರಿ. ರೈಫಲ್‌ನ ಬೋರ್ (ನಳಿಗೆಯ ಒಳ ಅಗಲ) .177 ಇಂಚು ಅಥವಾ ಪೆಲೆಟ್ ಹೊರಬೀಳೋ ಶಕ್ತಿ 20 ಜೂಲ್ ದಾಟಿದರ ಲೈಸನ್ಸಿನ ಮಾತು ಬ್ಯಾರೇನ ಅದ.